ಮಗಳಿಗೊಂದು ಪತ್ರ: ಚಳಿಗೆ ಬಿಸಿ ಸೂಪು, ಮೇಲೊಂದು ಒಗ್ಗರಣೆ

ಪುಟ್ಟಿ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಿನ್ನ ಹಿಂದೆ ಕಿಟಕಿ ಕಾಣುತ್ತಿತ್ತು. ಮ್ಯೂನಿಕ್‌ನಲ್ಲಿ ಸಂಜೆ ಐದು ಗಂಟೆ ಅಂದೆ, ಆಚೆ ನೋಡಿದರೆ ಆಗಲೇ ಕಗ್ಗತ್ತಲು. ರಾತ್ರಿ ಊಟಕ್ಕೆ ಏನು ಅಂತ ಕೇಳಿದ್ದಕ್ಕೆ ಪ್ಯಾಕೆಟ್ ಸೂಪು, ಬ್ರೆಡ್ಡು ಅಂದೆ. ಹಿಂದಿನ ದಿನವೂ ಅದೇ ಅಂತೆ. ನಿಮ್ಮಮ್ಮ ಆಗ ಏನೂ ಹೇಳಲಿಲ್ಲ. ರಾತ್ರಿ ನನಗೆ ಸಾರು ಬಡಿಸುವಾಗ ಮಾತ್ರ ಸೌಟನ್ನು ಹಾಗೇ ಕೈಯಲ್ಲಿ ಹಿಡಿದು, "ಇಷ್ಟು ಮಾಡಿಕೊಳ್ಳೋಕೆ ಅವಳಿಗೆ ಎಷ್ಟು ಹೊತ್ತು ಬೇಕು?" ಅಂದಳು. ಅದಕ್ಕೇ ಈ ಪತ್ರ. ವಾಯ್ಸ್ ಮೆಸೇಜ್ ಕಳಿಸಬಹುದಿತ್ತು, ಆದರೆ ಒಲೆ ಮುಂದೆ ನಿಂತು ಅದನ್ನು ಹಿಂದೆ ಮುಂದೆ ಎಳೆದು ಕೇಳುವುದು ಕಷ್ಟ. ಇದನ್ನು ಪ್ರಿಂಟ್ ತೆಗೆದು ಅಡುಗೆಮನೆಯಲ್ಲಿ ಅಂಟಿಸಿಕೋ.

ಚಳಿ ಊರಲ್ಲಿ ಒಬ್ಬರೇ ಇದ್ದುಕೊಂಡು ಅಡುಗೆ ಮಾಡಿಕೊಳ್ಳುವುದು ಅಂದರೆ ಏನು ಅಂತ ನನಗೆ ಗೊತ್ತು. 1992ರಲ್ಲಿ ಕೆಲಸ ಸಿಕ್ಕಿ ದೆಹಲಿಗೆ ಹೋದಾಗ ಕರೋಲ್ ಬಾಗ್‌ನಲ್ಲಿ ತಾರಸಿ ಮೇಲೆ ಒಂದು ಕೋಣೆ ಮಾಡಿಕೊಂಡಿದ್ದೆ. ಒಂದು ನೂತನ್ ಸ್ಟೋವ್, ಒಂದು ಅಲ್ಯುಮಿನಿಯಂ ಪಾತ್ರೆ, ಒಂದು ಸೌಟು, ಅಷ್ಟೇ. ಹಾಸನದ ಚಳಿ ನೋಡಿ ಬೆಳೆದವನಿಗೆ ದೆಹಲಿಯ ಜನವರಿ ಬೇರೆಯದೇ ಚಳಿ, ಬಕೆಟ್ಟಿನ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು, ಆಫೀಸಿಂದ ಬಂದವನು ಅಡುಗೆಗೆ ಕೈ ಹಾಕುವ ಮೊದಲೇ ರಗ್ಗಿನೊಳಗೆ ಸೇರಿಬಿಡುತ್ತಿದ್ದೆ. ಬನ್ನು, ಚಹಾ ಅಂತ ಒಂದು ತಿಂಗಳು ಕಳೆದೆ. ಆಮೇಲೆ ಅವ್ವನಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬರೆದೆ, ಸುಲಭವಾಗಿ ಏನಾದರೂ ಬಿಸಿಯಾಗಿ ಮಾಡಿಕೊಳ್ಳೋದು ಹೇಳು ಅಂತ. ಅವ್ವನಿಗೆ ಬರೆಯೋಕೆ ಬರುತ್ತಿರಲಿಲ್ಲ, ನಿನ್ನ ದೊಡ್ಡಪ್ಪನ ಕೈಲಿ ಬರೆಸಿದ್ದಳು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಕೊನೆಗೆ ಎರಡು ಮಾತು. "ಬೇಯಿಸಿದ ನೀರು ಚೆಲ್ಲಬೇಡ. ಒಗ್ಗರಣೆ ಉಣ್ಣೋ ಹೊತ್ತಿಗೆ ಹಾಕು." ನಾನು ನಿನಗೆ ಹೇಳಬೇಕಾಗಿರೋದೂ ಅವೆರಡೇ. ಅವ್ವ ಎರಡು ಸಾಲಲ್ಲಿ ಮುಗಿಸಿದಳು, ನನಗೆ ನಾಲ್ಕು ಪುಟ ಬೇಕು.

ಮೊದಲು ನೀರಿನ ವಿಷಯ. ಅಜ್ಜಿ ಮಾಡುತ್ತಿದ್ದ ಬಸ್ಸಾರು ನೆನಪಿದೆ ಅಲ್ವಾ? ಸೊಪ್ಪು, ಕಾಳು ಬೇಯಿಸಿ ಬಸಿದು, ಆ ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಖಾರ ಅರೆದು ಹಾಕಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಅಲ್ಲಿನವರು ಸ್ಟಾಕ್ ಅನ್ನೋದು ಹೆಚ್ಚುಕಡಿಮೆ ಆ ಕಟ್ಟನ್ನೇ. ರುಚಿಯೆಲ್ಲ ನೀರಿಗೆ ಇಳಿದಿರುತ್ತದೆ. ನಿಮ್ಮ ಸೂಪರ್‌ಮಾರ್ಕೆಟ್ಟಲ್ಲಿ ಸುಪ್ಪೆನ್‌ಗ್ರ್ಯೂನ್ ಅಂತ ತರಕಾರಿಯ ಒಂದು ಕಂತೆ ಸಿಗುತ್ತದೆ, ನಾವು ಬಂದಾಗ ನೋಡಿದ್ದೆ. ಎರಡು ಕ್ಯಾರೆಟ್ಟು, ಒಂದು ತುಂಡು ಸೆಲರಿ ಗೆಡ್ಡೆ, ಒಂದು ಲೀಕು, ನಾಲ್ಕು ಎಳೆ ಪಾರ್ಸ್ಲಿ. ಸೂಪಿಗೆ ಅಂತಲೇ ಜೋಡಿಸಿಟ್ಟ ಕಂತೆ ಅದು. ಲೀಕನ್ನು ಮಾತ್ರ ಉದ್ದಕ್ಕೆ ಸೀಳಿ ಎಲೆ ಬಿಡಿಸಿ ತೊಳಿ, ಪದರದ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಮೇಲೆ ಮೇಲೆ ತೊಳೆದರೆ ಹೋಗುವುದಿಲ್ಲ. ಎಲ್ಲ ಸಣ್ಣಗೆ ಹೆಚ್ಚಿ ಒಂದು ಚಮಚ ಬೆಣ್ಣೆಯಲ್ಲಿ ಐದು ನಿಮಿಷ ಬಾಡಿಸು. ಆಮೇಲೆ ನೀರು. ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬಿಟ್ಟು ನೀನು ನಿನ್ನ ಕೆಲಸ ನೋಡಿಕೋ.

ಆಫೀಸಿಂದ ಸುಸ್ತಾಗಿ ಬಂದ ದಿನ ಇದೂ ಬೇಡ. ಕೆಂಪು ಮಸೂರ್ ಬೇಳೆ ತಂದಿಟ್ಟುಕೋ. ನೆನೆಸಬೇಕಿಲ್ಲ, ಕುಕ್ಕರ್ ಬೇಡ, ಇಪ್ಪತ್ತು ನಿಮಿಷಕ್ಕೆ ಕರಗಿಹೋಗುತ್ತದೆ. 100 ಗ್ರಾಂ ಬೇಳೆಗೆ ಮುಕ್ಕಾಲು ಲೀಟರ್ ನೀರು, ಒಂದು ಈರುಳ್ಳಿ, ಒಂದು ಕ್ಯಾರೆಟ್, ಚಿಟಿಕೆ ಅರಿಶಿನ. ಕುದಿ ಬಂದಾಗ ಮೇಲೆ ಬರುವ ನೊರೆ ತೆಗಿ. ಟೊಮೇಟೊ, ಹುಣಸೆಹುಳಿ, ನಿಂಬೆ ಯಾವುದೇ ಹುಳಿಯಾದರೂ ಬೇಳೆ ಪೂರ್ತಿ ಬೆಂದ ಮೇಲೇ ಹಾಕು. ಮೊದಲೇ ಹಾಕಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಬೇಯೋಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಇದು ಎರಡು ಹೊತ್ತಿಗೆ ಆಗುತ್ತದೆ. ನಿಮ್ಮ ಬೀದಿ ಕೊನೆಯ ಟರ್ಕಿಯವರ ಅಂಗಡಿಯಲ್ಲಿ ಈ ಬೇಳೆ ಸಿಗುತ್ತದೆ ಅಂದಿದ್ದೆಯಲ್ಲ, ಅವರ ಮನೆಗಳಲ್ಲೂ ಇದೇ ಸೂಪು ಮಾಡುತ್ತಾರೆ. ಬೆಣ್ಣೆ ಕಾಯಿಸಿ ಅದಕ್ಕೆ ಕೆಂಪು ಮೆಣಸಿನಕಾಯಿ ತರಿ ಹಾಕಿ ಸೂಪಿನ ಮೇಲೆ ಸುರಿದು, ಪಕ್ಕದಲ್ಲಿ ನಿಂಬೆಹೋಳು ಇಟ್ಟು ಕೊಡುತ್ತಾರೆ. ಅದು ಒಗ್ಗರಣೆ ಅಲ್ಲದೆ ಇನ್ನೇನು ಹೇಳು!

ಕುಂಬಳಕಾಯಿಯಲ್ಲಿ ಹೊಕ್ಕಾಯ್ಡೊ ಅಂತ ಕಿತ್ತಳೆ ಬಣ್ಣದ್ದು ಬರುತ್ತದೆ, ಅದನ್ನೇ ತಗೋ. ಸಿಪ್ಪೆ ತೆಗೆಯಬೇಕಿಲ್ಲ, ಬೆಂದರೆ ಸಿಪ್ಪೆಯೂ ಮೆತ್ತಗಾಗುತ್ತದೆ. ಶುಂಠಿ, ನಾಲ್ಕು ಕಾಳುಮೆಣಸು, ಒಂದು ಆಲೂಗಡ್ಡೆ ಜೊತೆಗೆ ಬೇಯಿಸಿ ಮಸೆದುಬಿಡು. ಆಲೂಗಡ್ಡೆ ಇದ್ದರೆ ಸೂಪು ತಾನಾಗೇ ಗಟ್ಟಿಯಾಗುತ್ತದೆ, ಕಾರ್ನ್‌ಫ್ಲೋರ್, ಕ್ರೀಮ್ ಯಾವುದೂ ಬೇಡ. ಆಲೂಗಡ್ಡೆ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ. ಅದೂ ಇಲ್ಲ ಅಂದರೆ ನಾವು ಕಳಿಸಿದ ರಾಗಿ ಹಿಟ್ಟು ಒಂದು ಚಮಚ, ತಣ್ಣೀರಲ್ಲಿ ಕದಡಿ ಹಾಕು, ಬಿಸಿ ಸೂಪಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ.

ಮಸೆಯೋದಕ್ಕೆ ಮಿಕ್ಸಿ ಬೇಡ ಪುಟ್ಟಿ. ನನ್ನ ಎಡಗೈ ಮಣಿಕಟ್ಟಿನ ಹತ್ತಿರ ಇರುವ ಕಲೆ ನೀನು ಚಿಕ್ಕಂದಿನಿಂದ ನೋಡಿದ್ದೀಯ. ನೀನು ಹುಟ್ಟಿದ ವರ್ಷ, ನಿಮ್ಮಮ್ಮ ಬಾಣಂತಿ, ಅವಳಿಗೆ ಅಂತ ಕುದಿಯುವ ಬೇಳೆ ತರಕಾರಿಯನ್ನು ಹಾಗೇ ಜಾರ್ ತುಂಬಾ ಹಾಕಿ ಮುಚ್ಚಳ ಬಿಗಿ ಹಿಡಿದು ತಿರುಗಿಸಿದೆ. ಒಳಗಿನ ಹಬೆಗೆ ಮುಚ್ಚಳ ಎದ್ದುಬಂತು. ಕೈಗಾಗಿದ್ದಕ್ಕೆ ಸರಿಹೋಯಿತು, ಮುಖಕ್ಕೆ ಆಗಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ಮಿಕ್ಸಿಯೇ ಬೇಕು ಅಂದರೆ ಚೆನ್ನಾಗಿ ಆರಿಸಿ, ಅರ್ಧ ಜಾರ್ ಮಾತ್ರ ತುಂಬಿಸು. ಅದಕ್ಕಿಂತ, ನಿನ್ನ ಸೂಟ್‌ಕೇಸಿನಲ್ಲಿ ನಿಮ್ಮಮ್ಮ ಇಟ್ಟ ಮರದ ಕಡಗೋಲು ಇದೆಯಲ್ಲ, ಅದರಲ್ಲಿ ಪಾತ್ರೆಯೊಳಗೇ ಕಡೆ. ಪೂರ್ತಿ ನುಣ್ಣಗಾಗದೆ ಅಲ್ಲಲ್ಲಿ ಒಂದೊಂದು ತುಂಡು ಬಾಯಿಗೆ ಸಿಗುತ್ತದೆ. ನನಗಂತೂ ಹಾಗಿದ್ದರೇ ಇಷ್ಟ.

ಭಾನುವಾರ ಹೊತ್ತಿದ್ದರೆ ಹುರುಳಿ. ಒಂದು ಲೋಟ ಹುರುಳಿ ಹಿಂದಿನ ರಾತ್ರಿ ನೆನೆಹಾಕು, ಕಲ್ಲು ಆರಿಸುವುದು ಮರೆಯಬೇಡ. ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಏಳೆಂಟು ಕೂಗು. ಬಸಿದರೆ ಕಂದು ಬಣ್ಣದ ಕಟ್ಟು ಬರುತ್ತದೆ. ಬೆಂದ ಕಾಳು ಒಂದು ಹಿಡಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಧನಿಯ ಅರೆದು ಕಟ್ಟಿಗೆ ಸೇರಿಸಿ, ಹುಣಸೆಹುಳಿ ಬಿಟ್ಟು ಕುದಿಸು. ಲೋಟದಲ್ಲಿ ಹಾಕಿಕೊಂಡು ಹಾಗೇ ಕುಡಿ. ಹೊಟ್ಟೆಗೆ ಇಳಿಯುತ್ತಿರುವುದು ಗೊತ್ತಾಗುತ್ತದೆ. ಮಾರನೇ ದಿನ ಇನ್ನೂ ರುಚಿ. ಉಳಿದ ಕಾಳಿಗೆ ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ ಮಾಡಿಕೋ.

ಈಗ ಅವ್ವನ ಎರಡನೇ ಮಾತು. ಪ್ಯಾಕೆಟ್ ಸೂಪು ನಾಲ್ಕು ಚಮಚಕ್ಕೇ ಬೇಜಾರಾಗೋದು ಯಾಕೆ ಹೇಳು? ಮೊದಲ ಚಮಚ ಹೇಗೋ ಕೊನೆಯದೂ ಹಾಗೇ. ನಮ್ಮ ಸಾರಿಗೆ ಅನ್ನ ಇದೆ, ಹಪ್ಪಳ ಇದೆ, ನೆಂಚಿಕೊಳ್ಳೋಕೆ ಏನೋ ಒಂದು ಇರುತ್ತದೆ. ಬರೀ ಸೂಪಿಗೆ ಅದು ಯಾವುದೂ ಇಲ್ಲ. ಅದಕ್ಕೇ ಮೇಲೆ ಉದುರಿಸೋಕೆ ಗರಿಗರಿಯಾದದ್ದು ಏನಾದರೂ ಬೇಕೇಬೇಕು. ಸೂಪನ್ನು ದಿನಾ ಮಾಡಿದರೂ ಇದನ್ನು ಭಾನುವಾರ ಒಂದು ಸಲ ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡರೆ ಸಾಕು.

ಕರಿದ ಬೆಳ್ಳುಳ್ಳಿಯಿಂದ ಶುರು ಮಾಡು, ಎಲ್ಲ ಸೂಪಿಗೂ ಅದು ಹೊಂದುತ್ತದೆ. ಒಂದು ಇಡೀ ಗೆಡ್ಡೆ ಬಿಡಿಸಿ, ಎಸಳುಗಳನ್ನು ಕಾಗದದಷ್ಟು ತೆಳ್ಳಗೆ, ಎಲ್ಲ ಒಂದೇ ದಪ್ಪಕ್ಕೆ ಹೆಚ್ಚು. ಎಣ್ಣೆ ಕಾಯಿಸಿ ಹಾಕಬೇಡ. ತಣ್ಣನೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ, ಆಮೇಲೆ ಒಲೆ ಹಚ್ಚು, ಸಣ್ಣ ಉರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಬೆಳ್ಳುಳ್ಳಿ ಒಂದಕ್ಕೊಂದು ಅಂಟುತ್ತದೆ, ಚಮಚದಲ್ಲಿ ಬಿಡಿಸುತ್ತಾ ಇರು. ಗುಳ್ಳೆ ಕಡಿಮೆಯಾಗುತ್ತಾ ಬಂದಾಗ ಫೋನ್ ಕೆಳಗಿಡು, ಕಣ್ಣು ಅದರ ಮೇಲೇ ಇರಲಿ. ತಿಳಿ ಜೇನಿನ ಬಣ್ಣ ಬರುತ್ತಿದ್ದ ಹಾಗೇ ಜರಡಿಗೆ ಸುರಿದುಬಿಡು. ಇನ್ನೂ ಸ್ವಲ್ಪ ಕೆಂಪಾಗಲಿ ಅನ್ನಿಸುತ್ತದೆ, ಬೇಡ. ಎಣ್ಣೆಯಿಂದ ತೆಗೆದ ಮೇಲೂ ಅದರೊಳಗಿನ ಬಿಸಿಗೆ ಬಣ್ಣ ಏರುತ್ತದೆ, ಬಾಣಲೆಯಲ್ಲೇ ಕೆಂಪಾದರೆ ತಟ್ಟೆಗೆ ಬರುವಷ್ಟರಲ್ಲಿ ಕಹಿ. ನಿಮ್ಮ ಕರೆಂಟ್ ಒಲೆ ಆರಿಸಿದ ಮೇಲೂ ಬಿಸಿ ಬಿಡುವುದಿಲ್ಲವಲ್ಲ, ಹಾಗಾಗಿ ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಬೇಕು. ಕಾಗದದ ಮೇಲೆ ಹರಡಿ ಆರಲು ಬಿಡು, ಪೂರ್ತಿ ಆರಿದಾಗಲೇ ಗರಿಗರಿ. ಸೋಸಿದ ಎಣ್ಣೆ ಚೆಲ್ಲಬೇಡ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಒಗ್ಗರಣೆಗೆ ಬಳಸಿಬಿಡು.

ಅಲ್ಲಿನ ಗಟ್ಟಿ ಕಪ್ಪು ಬ್ರೆಡ್ಡು ಎರಡು ದಿನಕ್ಕೆ ಕಲ್ಲಾಗುತ್ತದೆ ಅಂತ ದೂರುತ್ತಿದ್ದೆ. ಅದೇ ಒಳ್ಳೇದು. ಬೆರಳ ತುದಿಯಷ್ಟು ಚೌಕ ಚೌಕ ಕತ್ತರಿಸಿ, ತುಪ್ಪ ಸವರಿದ ತವಾ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಮಗುಚುತ್ತಾ ಹುರಿ, ಕೊನೆಗೆ ಚಿಟಿಕೆ ಮೆಣಸಿನ ಪುಡಿ, ಉಪ್ಪು. ತಾಜಾ ಬ್ರೆಡ್ಡಾದರೆ ತುಪ್ಪ ಕುಡಿದು ಮೆತ್ತಗಾಗುತ್ತದೆ. ಕುಂಬಳ ಬೀಜ, ಸೂರ್ಯಕಾಂತಿ ಬೀಜ ಸುಲಿದದ್ದೇ ಸಿಗುತ್ತದೆ, ಬರೀ ಬಾಣಲೆಯಲ್ಲಿ ಹುರಿದರೆ ಚಟಪಟ ಅಂತ ಉಬ್ಬುತ್ತವೆ. ಏನೂ ಇಲ್ಲದ ದಿನ ಒಂದು ಹಪ್ಪಳ ಸುಟ್ಟು ಪುಡಿಮಾಡಿ ಉದುರಿಸು.

ಇಲ್ಲಿ ಈಗ ಸೊಗಡಿನ ಅವರೆಕಾಯಿ ಕಾಲ. ನಿಮ್ಮಮ್ಮ ದಿನಾ ಸಂಜೆ ಟಿವಿ ಮುಂದೆ ಕೂತು ಅವರೆ ಹಿತುಕುತ್ತಾಳೆ, ಬೆರಳು ತುದಿಯೆಲ್ಲ ಸುಕ್ಕಾಗಿದೆ. ಹಿತಕಿದ ಬೇಳೆಯನ್ನು ಬಟ್ಟೆ ಮೇಲೆ ಆರಿಸಿ, ಕರಿದು, ಕರಿಬೇವು, ಉಪ್ಪು, ಬ್ಯಾಡಗಿ ಪುಡಿ ಕಲಸಿ ಎರಡು ಡಬ್ಬಿ ಮಾಡಿದ್ದಾಳೆ. ಮುಂದಿನ ವಾರ ಕಳಿಸುತ್ತೇವೆ, ಜೊತೆಗೆ ಬಾಳಕದ ಮೆಣಸಿನಕಾಯಿ, ಅಗಸೆ ಚಟ್ನಿಪುಡಿ. ಹಿತಕಬೇಳೆ ಕುಂಬಳ ಸೂಪಿಗೆ ಚೆನ್ನ, ಸಿಹಿಗೆ ಉಪ್ಪು ಖಾರ ಸೇರುತ್ತದೆ. ಬಾಳಕ ಒಂದೇ ಒಂದು ಕರಿದು ಮುರಿದು ಮಸೂರ್ ಸೂಪಿಗೆ ಹಾಕು. ಸುಮ್ನೆ ತಿಂಡಿ ಅಂತ ತಿಂದು ಒಂದೇ ವಾರಕ್ಕೆ ಡಬ್ಬಿ ಖಾಲಿ ಮಾಡಬೇಡ.

ಯಾವುದನ್ನೂ ಪಾತ್ರೆಗೆ ಹಾಕಬೇಡ. ಬಟ್ಟಲಿಗೆ ಸೂಪು ಬಡಿಸಿಕೊಂಡು, ಕೂತು, ಆಮೇಲೆ ಉದುರಿಸಿಕೋ. ಒಗ್ಗರಣೆಯೂ ಅಷ್ಟೇ, ಸಾಸಿವೆ, ಜೀರಿಗೆ, ಇಂಗಿನ ಘಮ ತುಪ್ಪದಲ್ಲಿ ಇರುತ್ತದೆ, ಮೊದಲೇ ಹಾಕಿ ಕುದಿಸಿದರೆ ಅದೆಲ್ಲ ಹಬೆಯ ಜೊತೆ ಹೋಗಿಬಿಡುತ್ತದೆ. ಒಣಮೆಣಸಿನಕಾಯಿ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ ಕಿಟಕಿ ತೆಗಿ, ಹೊಗೆ ಅಲಾರಂ ಕೂಗಿಕೊಂಡರೆ ಅಕ್ಕಪಕ್ಕದವರಿಗೆ ಗಾಬರಿ.

ಹೆಚ್ಚು ಮಾಡಿದ ಸೂಪು ರಾತ್ರಿಯೆಲ್ಲ ಒಲೆ ಮೇಲೆ ಬಿಡಬೇಡ, ಚಳಿಗಾಲ ಅಂದರೂ ಮನೆಯೊಳಗೆ ಹೀಟರ್ ಇದೆ. ಆರಿಸಿ ಫ್ರಿಜ್‌ಗೆ ಇಡು, ಮೂರು ದಿನದೊಳಗೆ ಮುಗಿಸು. ಫ್ರೀಜರ್‌ಗೆ ಇಡುವುದಾದರೆ ಡಬ್ಬಿಯಲ್ಲಿ ಎರಡು ಬೆರಳು ಜಾಗ ಬಿಡು. ಬೇಳೆ ಸೂಪು ಚೆನ್ನಾಗಿರುತ್ತದೆ, ಆಲೂಗಡ್ಡೆ ಹಾಕಿದ್ದು ತರಿತರಿಯಾಗುತ್ತದೆ.

ಈ ಭಾನುವಾರ ಬೆಳ್ಳುಳ್ಳಿ ಮಾಡು. ನಿನ್ನ ಹನ್ನೊಂದು ಗಂಟೆಗೆ, ಇಲ್ಲಿ ಮಧ್ಯಾಹ್ನ ಮೂರೂವರೆ, ನಾವಿಬ್ಬರೂ ಫೋನ್ ಮುಂದೆ ಇರುತ್ತೇವೆ. ಬಾಣಲೆ ಕಾಣುವ ಹಾಗೆ ಫೋನ್ ಒರಗಿಸಿಡು. ಯಾವಾಗ ತೆಗೆಯಬೇಕು ಅಂತ ನಿಮ್ಮಮ್ಮ ಹೇಳುತ್ತಾಳೆ.

ನಿನ್ನ
ಅಪ್ಪ