ಪ್ರಶ್ನೆ ಕೇಳಿದ್ದೇ ತಪ್ಪೇ?

ಮಾನ್ಯರೇ,

ಮಳೆಗಾಲದಲ್ಲಿ ಬಸ್ಸು ತಡವಾದರೆ ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸುವುದು ಅನ್ಯಾಯ. ಹೊಸನಗರ ತಾಲ್ಲೂಕಿನ ಶಾಲೆಯೊಂದರಲ್ಲಿ ಈಚೆಗೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಇದನ್ನು ನೇರವಾಗಿ ಕೇಳಿದಳು: ‘ಸರ್, ನಮ್ಮೂರಿಗಿರೋದು ಒಂದೇ ಬಸ್ಸು. ಪೇಟೆಯವರು ತಡವಾಗಿ ಬಂದರೂ ಒಳಗೆ ಬಿಡ್ತೀರಿ, ನಮ್ಮನ್ನು ಯಾಕೆ ಬಿಡಲ್ಲ?’ ಸಿಕ್ಕ ಉತ್ತರ, ‘ನಿನಗೆ ಬಾಯಿ ಜಾಸ್ತಿ’. ಸಾಲದ್ದಕ್ಕೆ ಅಪ್ಪ-ಅಮ್ಮನನ್ನು ಕರೆದುಕೊಂಡು ಬಾ ಎಂಬ ಆಜ್ಞೆ.

ಅವಳು ಕೇಳಿದ್ದು ನ್ಯಾಯವೇ ಅಲ್ವಾ? ಆಗುಂಬೆ, ಹುಲಿಕಲ್ ಕಡೆಯ ಜುಲೈ ಮಳೆ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಘಾಟಿಯಲ್ಲಿ ಮರ ಬಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಎಲ್ಲರೂ ಹೀಗಲ್ಲ ಬಿಡಿ, ಮಕ್ಕಳ ಕೈಹಿಡಿದು ಹಳ್ಳ ದಾಟಿಸುವ ಮೇಷ್ಟ್ರುಗಳೂ ನಮ್ಮಲ್ಲಿದ್ದಾರೆ.

ಬಸ್ಸಿನಲ್ಲಿ ಬರುವ ಮಕ್ಕಳಿಗೆ ಮಳೆಗಾಲದಲ್ಲಿ ಮೊದಲ ಪಿರಿಯಡ್‌ಗೆ ವಿನಾಯಿತಿ ಕೊಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಸುತ್ತೋಲೆ ಹೊರಡಿಸಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಅವರ ದೂರು ಕೇಳಲಿ.

– ಪೋಷಕರೊಬ್ಬರು, ಹೊಸನಗರ