ಹೆಲ್ಮೆಟ್ ಮತ್ತು ವಿಮೆ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ನಮ್ಮ ಬಂಡೆ ಹತ್ತುವ ಶಿಬಿರಗಳಲ್ಲಿ ಹೆಲ್ಮೆಟ್ ಕಡ್ಡಾಯ. ಆದರೆ ಅದೊಂದೇ ಸಾಕೆಂದು ದಯವಿಟ್ಟು ಯಾರೂ ಭಾವಿಸಬಾರದು. ಕೆನಡಾದ ಫ್ರೀಸ್ಟೈಲ್ ಸ್ಕೀ (ಹಿಮದ ಮೇಲೆ ಜಾರುತ್ತಾ ಜಿಗಿದು ಕಸರತ್ತು ಮಾಡುವ ಕ್ರೀಡೆ) ಪಟು ಸಾರಾ ಬರ್ಕ್ 2012ರ ಜನವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹೆಲ್ಮೆಟ್ ಧರಿಸಿದ್ದರೂ ಬಿದ್ದು, ಕುತ್ತಿಗೆಯ ರಕ್ತನಾಳ ಹರಿದು, 9 ದಿನಗಳ ಬಳಿಕ ತೀರಿಕೊಂಡರು. ಅದು ಪ್ರಾಯೋಜಕರ ಖಾಸಗಿ ಕಾರ್ಯಕ್ರಮವಾಗಿದ್ದರಿಂದ ಕ್ರೀಡಾ ಸಂಸ್ಥೆಯ ವಿಮೆ ಅನ್ವಯಿಸಲಿಲ್ಲ. ಆಸ್ಪತ್ರೆಯ ವೆಚ್ಚಕ್ಕಾಗಿ ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸಬೇಕಾಯಿತು. ದುಃಖದ ನಡುವೆ ಯಾವ ಕುಟುಂಬಕ್ಕೂ ಇಂಥ ಹೊರೆ ಬರಬಾರದು.

ನಮ್ಮ ದೇಶದ ಆರೋಗ್ಯ ವಿಮೆಗಳೂ ಸಾಮಾನ್ಯವಾಗಿ ಸಾಹಸ ಕ್ರೀಡೆಯಲ್ಲಿ ವೃತ್ತಿಪರರಾಗಿ ಭಾಗವಹಿಸಿದಾಗ ಆಗುವ ಗಾಯಗಳ ಚಿಕಿತ್ಸೆಯನ್ನು ಹೊರಗಿಡುತ್ತವೆ, ಮತ್ತು ಬಂಡೆ ಹತ್ತುವುದೂ ಆ ಪಟ್ಟಿಯಲ್ಲಿದೆ. ಆದ್ದರಿಂದ ಸಂಭಾವನೆ ಪಡೆದು ತರಬೇತಿ ನೀಡುವ ಸದಸ್ಯರು ಶಿಬಿರಕ್ಕೆ ಮೊದಲೇ ತಮ್ಮ ವಿಮಾ ಕಂಪನಿಯಿಂದ ಲಿಖಿತ ಸ್ಪಷ್ಟನೆ ಪಡೆದು, ಅದರ ಪ್ರತಿಯನ್ನು ಮನೆಯವರಿಗೂ ಕೊಟ್ಟಿರಬೇಕೆಂದು ಕಳಕಳಿಯಿಂದ ಕೋರುತ್ತೇನೆ.