ದೋಣಿ ಗೂಟಕ್ಕೆ ಕಟ್ಟಿದ ಮಿಂಚುಹುಳು

ಪ್ರೀತಿಯ ತಮ್ಮನಿಗೆ,

ನಿನ್ನ ನಲವತ್ತು ಹಾಯ್ಕುಗಳನ್ನೂ ಓದಿದೆ. ಎರಡು ಸಲ ಓದಿದೆ. ಮೊದಲ ಸಲ ಬೇಗ ಮುಗಿದುಹೋಯಿತು, ಚಿಕ್ಕವು ಅಲ್ವಾ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು. “ಅಕ್ಕಾ, ತಪ್ಪಿದ್ದರೆ ಮುಲಾಜಿಲ್ಲದೆ ಹೇಳಿ” ಅಂತ ಬರೆದಿದ್ದೀಯ. ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಹನ್ನೊಂದನೆಯದನ್ನೇ ತೆಗೆದುಕೊಳ್ಳೋಣ.

ಖಾಲಿ ಜೋಕಾಲಿ
ಗಾಳಿಗೆ ತೂಗುತಿದೆ
ಬದುಕು ಇಷ್ಟೆ

ಮೊದಲ ಎರಡು ಸಾಲಿಗೆ ನನ್ನ ಕಣ್ಣು ಅಲ್ಲೇ ನಿಂತಿತು. ಯಾರೋ ಈಗತಾನೆ ಎದ್ದು ಹೋದ ಹಾಗಿದೆ. ಯಾರಿರಬಹುದು ಅಂದುಕೊಳ್ಳುವಷ್ಟರಲ್ಲಿ ಮೂರನೇ ಸಾಲು ಬಂದು “ಬದುಕು ಇಷ್ಟೆ” ಅಂದುಬಿಟ್ಟಿತು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮೂವತ್ತಕ್ಕೂ ಜಾಸ್ತಿ ಪದ್ಯಗಳಲ್ಲಿ ನೀನು ಹೀಗೇ ಮಾಡಿದ್ದೀಯ. ಓದುವವರನ್ನು ಜಗಲಿಯ ತನಕ ಕರೆದು, ಬಾಗಿಲು ಹಾಕಿ ಚಿಲಕ ಜಡಿಯುತ್ತೀಯ.

ಇದು ನಿನ್ನೊಬ್ಬನ ಅಭ್ಯಾಸ ಅಲ್ಲ. ನಾವೆಲ್ಲ ಚುಟುಕ, ಹನಿಗವನ ಓದಿ ಬೆಳೆದವರು. ಅಲ್ಲಿ ಕೊನೆಯ ಸಾಲಿಗೇ ಎಲ್ಲ ಮರ್ಯಾದೆ. ತಿರುವು ಅಲ್ಲೇ ಬರಬೇಕು, ಕೇಳಿದವರು ನಗಬೇಕು, ಇಲ್ಲವೇ ಭೇಷ್ ಅನ್ನಬೇಕು. ನಾನೂ ನಿನ್ನ ವಯಸ್ಸಿನಲ್ಲಿ ಹಾಗೇ ಬರೆದೆ. ಒಬ್ಬ ಸಂಪಾದಕರು ನನ್ನ ಪದ್ಯದ ಕೊನೆಯ ಸಾಲಿಗೆ ಅಡ್ಡಗೆರೆ ಎಳೆದು ವಾಪಸ್ ಕಳಿಸಿದರು. ಕಾರಣ ಬರೆದಿರಲಿಲ್ಲ. ಒಂದು ವಾರ ಅವರನ್ನು ಮನಸ್ಸಿನಲ್ಲೇ ಬೈದೆ. ಕಾರಣ ಗೊತ್ತಾಗಿದ್ದು ಹಾಯ್ಕು ಎಲ್ಲಿಂದ ಬಂತು ಅಂತ ಓದಿದ ಮೇಲೆ.

ಹಾಯ್ಕು ಒಂಟಿ ಪದ್ಯವಾಗಿ ಹುಟ್ಟಲಿಲ್ಲ. ಜಪಾನಿನಲ್ಲಿ ರೆಂಗಾ ಎಂಬ ಕೂಟದ ಕಾವ್ಯವಿತ್ತು. ನಾಲ್ಕಾರು ಜನ ಒಟ್ಟಿಗೆ ಕೂರುತ್ತಿದ್ದರು. ಒಬ್ಬ 5-7-5 ಎಣಿಕೆಯ ಮೂರು ತುಂಡಿನ ಪದ್ಯ ಹೇಳಿದರೆ ಇನ್ನೊಬ್ಬ 7-7 ಸೇರಿಸುತ್ತಿದ್ದ. ಮೂರನೆಯವನು ಮತ್ತೆ 5-7-5. ಹೀಗೆ ನೂರು ಪದ್ಯದ ತನಕ ಎಳೆಯುತ್ತಿದ್ದರು. ಪ್ರತಿ ಪದ್ಯವೂ ತನ್ನ ಹಿಂದಿನದಕ್ಕೆ ಅಂಟಿಕೊಳ್ಳಬೇಕು, ಅದರ ಹಿಂದಿನದರಿಂದ ದೂರ ಸರಿಯಬೇಕು. ಕಥೆ ಬೆಳೆಸುವಂತಿಲ್ಲ. ಇದರ ಹಗುರ ರೂಪಕ್ಕೆ ಹೈಕೈ ಅಂತ ಹೆಸರು. ಕೂಟದ ಮೊಟ್ಟಮೊದಲ ಪದ್ಯ ‘ಹೊಕ್ಕು’. ನಮ್ಮಲ್ಲಿ ಹೊಕ್ಕು ಅಂದರೆ ಒಳಗೆ ಹೋಗಿ ಅಂತ. ಎರಡಕ್ಕೂ ಏನೂ ಸಂಬಂಧವಿಲ್ಲ, ಆದರೂ ನನಗೆ ಖುಷಿ ಕೊಟ್ಟ ಕಾಕತಾಳೀಯ ಇದು.

ಹೊಕ್ಕು ಹೇಳುವುದು ಸಾಮಾನ್ಯವಾಗಿ ಅತಿಥಿಯ ಪಾಲು. ಎರಡನೆಯ ಪದ್ಯ ಮನೆಯ ಯಜಮಾನನದು. ಅತಿಥಿ ಆ ದಿನದ ಕಾಲವನ್ನು ಹೆಸರಿಸಬೇಕು, ಆ ಜಾಗವನ್ನು ನೆನೆಯಬೇಕು. ನಾವು ಯಾರದೋ ಮನೆಗೆ ಹೋದಾಗ “ಏನು ಮಳೆ ರೀ, ನಿಮ್ಮಲ್ಲಿ ತಣ್ಣಗಿದೆ” ಅನ್ನುವುದಿಲ್ವಾ, ಹಾಗೆ. ಹಾಯ್ಕುವಿನಲ್ಲಿ ಋತುಪದ ಇರಬೇಕು ಅನ್ನುವ ನಿಯಮದ ಬೇರು ಇಲ್ಲಿದೆ.

ಒಂದು ನಿಜವಾದ ಕೂಟದ ಸಂಗತಿ ಹೇಳುತ್ತೇನೆ. 1689ರಲ್ಲಿ ಕವಿ ಮತ್ಸುವೊ ಬಾಶೊ ಎದೋ ಬಿಟ್ಟು, ಅಂದರೆ ಈಗಿನ ಟೋಕ್ಯೋ ಬಿಟ್ಟು, ಉತ್ತರದ ಕಡೆ ನಡೆದ. ಜೊತೆಗೆ ಸೋರಾ ಎಂಬ ಶಿಷ್ಯ. ಮಳೆಗಾಲದಲ್ಲಿ ಮೊಗಾಮಿ ನದಿಯ ದಡದ ಓಯಿಶಿದಾ ಊರಿಗೆ ಬಂದರು. ಇಳಿದುಕೊಂಡಿದ್ದು ಇಚಿಯೇ ಎಂಬಾತನ ಮನೆಯಲ್ಲಿ. ಅವನದು ದೋಣಿ ಸಾಗಾಟದ ವ್ಯಾಪಾರ. ನಾಲ್ಕು ಜನ ಕೂತು ಮೂವತ್ತಾರು ಪದ್ಯಗಳ ಸರಣಿ ಕಟ್ಟಿದರು. ಬಾಶೊ ಹೇಳಿದ ಹೊಕ್ಕು ಇದು. ಕನ್ನಡ ನನ್ನದು, ಒರಟು:

ಐದನೇ ತಿಂಗಳ ಮಳೆಯನ್ನೆಲ್ಲ
ಕೂಡಿಸಿಕೊಂಡು ತಂಪು
ಮೊಗಾಮಿ ನದಿ

ಇಚಿಯೇ ಅದಕ್ಕೆ ಸೇರಿಸಿದ:

ದಡಕ್ಕೆ ಮಿಂಚುಹುಳು ಕಟ್ಟಿ ನಿಲ್ಲಿಸಿವೆ
ದೋಣಿಯ ಗೂಟಗಳು

ಬಾಶೊ ದೊಡ್ಡ ಕವಿ, ನಿಜ. ಆದರೆ ಈ ಮಿಂಚುಹುಳು ಅವನದಲ್ಲ, ದೋಣಿ ವ್ಯಾಪಾರಿಯದು. ದಿನವೂ ದೋಣಿ ಕಟ್ಟುವವನಿಗೆ ಮಾತ್ರ ಗೂಟ ಅಷ್ಟು ಸಲೀಸಾಗಿ ನೆನಪಾಗುವುದು. ಬಾಶೊ ತನ್ನ ಮೂರನೇ ಸಾಲಿನಲ್ಲಿ ‘ಬದುಕೂ ಒಂದು ನದಿ’ ಅಂದಿದ್ದರೆ ಈ ಗೂಟಕ್ಕೆ ಎಲ್ಲಿ ಜಾಗ ಇರುತ್ತಿತ್ತು ಹೇಳು.

ಮುಂದೆ ಏನಾಯಿತು ನೋಡು. ಆಮೇಲೆ ಬಾಶೊ ಅದೇ ನದಿಯಲ್ಲಿ ದೋಣಿ ಹತ್ತಿದ. ಮಳೆಗೆ ನದಿ ಉಕ್ಕಿ ಹರಿಯುತ್ತಿತ್ತು, ದೋಣಿ ಮುಳುಗುವ ಭಯ. ಪ್ರವಾಸದ ಪುಸ್ತಕ ಬರೆಯುವಾಗ ಹೊಕ್ಕುವಿನ ಒಂದೇ ಪದ ಬದಲಿಸಿದ. ‘ಸುಜುಶಿ’ ಅಂದರೆ ತಂಪು ಅಂತ ಇದ್ದದ್ದನ್ನು ತೆಗೆದು ‘ಹಯಾಶಿ’ ಹಾಕಿದ, ಅಂದರೆ ರಭಸ. ತಂಪು ಅಂದಿದ್ದು ಅತಿಥಿಯ ಸೌಜನ್ಯ. ರಭಸ ಅಂದಿದ್ದು ಮೈ ನೆನೆದ ಮೇಲೆ. ಪದ್ಯ ತಿದ್ದುವುದು ಅಂದರೆ ಕೂತಲ್ಲೇ ಪದ ಜಾಲಾಡುವುದು ಅಂದುಕೊಂಡಿದ್ದೆ ನಾನು. ದೋಣಿ ಹತ್ತಬೇಕು ಅಂತ ಗೊತ್ತಿರಲಿಲ್ಲ.

ಬಾಶೊನ ಕಪ್ಪೆಯ ಪದ್ಯ ನಿನಗೆ ಗೊತ್ತೇ ಇದೆ. ಹಳೆಯ ಕೊಳ, ಕಪ್ಪೆ ಹಾರಿತು, ನೀರಿನ ಸದ್ದು. 1686ರದು. ಎಲ್ಲರೂ ಅದಕ್ಕೆ ಝೆನ್ ಅಂತ ಹೆಸರಿಟ್ಟು ಕೈಮುಗಿಯುತ್ತಾರೆ. ಶಿಷ್ಯ ಶಿಕೋ ಬರೆದಿಟ್ಟ ಸಂಗತಿ ನನಗೆ ಅದಕ್ಕಿಂತ ಇಷ್ಟ. ಬಾಶೊಗೆ ಮೊದಲು ಹೊಳೆದದ್ದು ಕಪ್ಪೆ ಮತ್ತು ನೀರಿನ ಸದ್ದು ಮಾತ್ರ. ಮೊದಲ ಸಾಲು ಇರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಶಿಷ್ಯ ಕಿಕಾಕು “ಯಮಬುಕಿ ಹೂ ಅಂತ ಹಾಕಿ” ಅಂದ. ಹಳದಿ ಹೂ ಅದು. ಹಳೆಯ ಕಾವ್ಯದಲ್ಲಿ ಕಪ್ಪೆಯ ಕೂಗಿಗೂ ಆ ಹೂವಿಗೂ ಜೋಡಿ. ಬಾಶೊ ಒಪ್ಪಲಿಲ್ಲ. ಸುಮ್ನೆ ‘ಹಳೆಯ ಕೊಳ’ ಅಂತ ಇಟ್ಟ. ಹೂ ಇಟ್ಟಿದ್ದರೆ ಚಂದವೇ ಇರುತ್ತಿತ್ತು. ಅಷ್ಟೇ ಇರುತ್ತಿತ್ತು.

ಅಲ್ಲಿ ‘ಫುರುಇಕೆ ಯಾ’ ಅಂತ ಬರುತ್ತದೆ. ಫುರುಇಕೆ ಅಂದರೆ ಹಳೆಯ ಕೊಳ. ಆ ‘ಯಾ’ಗೆ ಅರ್ಥ ಇಲ್ಲ. ಉಸಿರು ಎಳೆದುಕೊಂಡ ಹಾಗೆ ಒಂದು ತಡೆ. ಇಂಥ ಪದಗಳಿಗೆ ಕಿರೆಜಿ ಅನ್ನುತ್ತಾರೆ, ಕತ್ತರಿಸುವ ಪದ. ಕೊಳ ಒಂದು ಕಡೆ, ಕಪ್ಪೆ ಇನ್ನೊಂದು ಕಡೆ, ನಡುವೆ ಬಿರುಕು. ಎರಡನ್ನೂ ಸೇರಿಸುವುದು ಓದುವವರ ಕೆಲಸ. ‘ಹಾಗೆ’, ‘ಅಂತೆ’ ಅನ್ನುವ ಪದಗಳಿಂದ ನೀನು ಈ ಬಿರುಕಿಗೆ ಸಿಮೆಂಟು ಮೆತ್ತುತ್ತೀಯ.

ಈಗ ಲೆಕ್ಕದ ವಿಷಯ. ನೀನು 5-7-5 ಅಕ್ಷರ ಎಣಿಸಿದ್ದೀಯ. ಜಪಾನಿನವರು ಎಣಿಸುವುದು ನಮ್ಮ ಮಾತ್ರೆಗೆ ಹತ್ತಿರದ್ದು. ಟೋಕ್ಯೋ ಅನ್ನುವುದು ನಮಗೆ ಎರಡು ಅಕ್ಷರ, ಅವರಿಗೆ ನಾಲ್ಕು. ನಿಪ್ಪೊನ್ ಕೂಡ ನಾಲ್ಕು. ನಮ್ಮ ಲಘು ಗುರು ಹಾಕಿ ನೋಡು, ಎರಡಕ್ಕೂ ನಾಲ್ಕೇ ಮಾತ್ರೆ ಬರುತ್ತದೆ. ಆ ಲೆಕ್ಕದಲ್ಲಿ ನಿನ್ನ ಜೋಕಾಲಿ 8, 9, 6. ಒಟ್ಟು 23. ಗಾಬರಿಯಾಗಬೇಡ. ಒಣಕೊಂಬೆಯ ಮೇಲೆ ಕೂತ ಕಾಗೆಯ ಪದ್ಯದಲ್ಲಿ ಬಾಶೊ ನಡುವಿನ ಸಾಲಿಗೆ ಏಳರ ಬದಲು ಒಂಬತ್ತು ಹಾಕಿದ್ದಾನೆ. ಮೂರು ಸಾಲು ಅನ್ನುವುದೂ ಹೆಚ್ಚಾಗಿ ಅನುವಾದದಿಂದ ಬಂದ ರೂಢಿ. ಜಪಾನಿನಲ್ಲಿ ಅದನ್ನು ಸಾಮಾನ್ಯವಾಗಿ ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಬರೆಯುತ್ತಾರೆ. ‘ತೂಗುತ್ತಿದೆ’ಯನ್ನು ‘ತೂಗುತಿದೆ’ ಮಾಡಿದ್ದೀಯಲ್ಲ, ಅದನ್ನು ಮಾತ್ರ ಬಿಟ್ಟುಬಿಡು.

ಹಾಗಾದರೆ ಹಾಯ್ಕುವಿನಲ್ಲಿ ತತ್ವ ಬರಲೇಬಾರದಾ ಅಂತ ಕೇಳುತ್ತೀಯ. ಬರಬಹುದು. 1819ರಲ್ಲಿ ಇಸ್ಸಾ ಎಂಬ ಕವಿಯ ಪುಟ್ಟ ಮಗಳು ಸಾತೊ ಸಿಡುಬಿನಿಂದ ತೀರಿಕೊಂಡಳು. ಒಂದು ವರ್ಷ ದಾಟಿತ್ತಷ್ಟೆ. ಆಗ ಅವನು ಬರೆದ:

ಇಬ್ಬನಿಯ ಲೋಕ
ಇಬ್ಬನಿಯ ಲೋಕವೇ ಹೌದು
ಆದರೂ, ಆದರೂ

ಲೋಕ ಇಬ್ಬನಿಯಂತೆ ಕರಗುವುದು ಅನ್ನುವುದು ಬೌದ್ಧರ ಹಳೆಯ ಮಾತು. ಅದನ್ನು ಅವನು ಒಪ್ಪುತ್ತಾನೆ. ಒಪ್ಪಿಯೂ ಆಗುವುದಿಲ್ಲ. ‘ಆದರೂ’ ಆದಮೇಲೆ ಮಾತಿಲ್ಲ. ನಿನ್ನ ‘ಬದುಕು ಇಷ್ಟೆ’ಯನ್ನು ಇದರ ಪಕ್ಕ ಇಟ್ಟು ನೋಡು.

ಈ ಪದ್ಯಗಳನ್ನು ಹಾಯ್ಕು ಅಂತ ಕರೆಯುವ ರೂಢಿ 1890ರ ದಶಕದಲ್ಲಿ ಬಂತು, ಮಸಾವೊಕಾ ಶಿಕಿ ಎಂಬ ಕವಿಯಿಂದ. ಕೂಟದ ಸರಣಿ ಸಾಹಿತ್ಯವೇ ಅಲ್ಲ, ಮೊದಲ ಪದ್ಯ ಒಂದೇ ಸಾಕು ಅಂದ. ಆ ಮಾತನ್ನು ನಾನು ಒಪ್ಪುವುದಿಲ್ಲ, ಮಿಂಚುಹುಳು ಓದಿದವರು ಯಾರು ಒಪ್ಪುತ್ತಾರೆ? ಅಂತೂ ಇಚಿಯೇ ಕೂರುತ್ತಿದ್ದ ಜಾಗ ಖಾಲಿಯಾಯಿತು. ಈಗ ಅಲ್ಲಿ ಕೂರುವುದು ಓದುವವರು.

ಶಿಕಿಯೇ ಬರೆದ ಒಂದು ಪದ್ಯ ಇದೆ. 1900ನೇ ಇಸವಿ. ಬೆನ್ನುಮೂಳೆಗೆ ಕ್ಷಯ, ಎದ್ದು ಓಡಾಡುವ ಹಾಗಿಲ್ಲ. ಅಂಗಳದಲ್ಲಿ ಕೋಳಿಜುಟ್ಟಿನ ಹೂ. “ಕೋಳಿಜುಟ್ಟಿನ ಹೂ, ಹದಿನಾಲ್ಕೋ ಹದಿನೈದೋ ಇರಬೇಕು.” ಅಷ್ಟೇ ಪದ್ಯ. ಮೊದಲು ಓದಿದಾಗ ಇದೇನು ಸಂತೆ ಲೆಕ್ಕ ಅಂದುಕೊಂಡೆ. ಅವನ ಶಿಷ್ಯ ಕ್ಯೋಶಿಗೂ ಹಾಗೇ ಅನಿಸಿತೋ ಏನೋ, ತಾನು ಆರಿಸಿದ ಸಂಕಲನದಲ್ಲಿ ಅದನ್ನು ಸೇರಿಸಲೇ ಇಲ್ಲ. ಜಪಾನಿನಲ್ಲಿ ಇದು ಪದ್ಯವೋ ಅಲ್ಲವೋ ಅಂತ ದೊಡ್ಡ ಜಗಳವೇ ನಡೆದಿದೆ. ನನಗೆ ಅದು ಹಿಡಿಸಿದ್ದು ಅಪ್ಪ ಹಾಸಿಗೆ ಹಿಡಿದ ಮೇಲೆ. ಕಿಟಕಿಯಿಂದ ಕಾಣುವ ತೆಂಗಿನಕಾಯಿಗಳನ್ನು ಅವರು ದಿನವೂ ಎಣಿಸುತ್ತಿದ್ದರು. ಎದ್ದು ಹೋಗಿ ಖಚಿತ ಮಾಡಿಕೊಳ್ಳಲಾಗದವರ ಲೆಕ್ಕ ಅದು.

ಇನ್ನೊಂದು ಸಣ್ಣ ದೂರು. ನಿನ್ನ ಆರು ಪದ್ಯಗಳಲ್ಲಿ ಚೆರ್ರಿ ಹೂ ಉದುರುತ್ತಿದೆ. ನೀನು ನೋಡಿದ್ದೀಯಾ? ಋತುಪದಗಳಿಗಾಗಿಯೇ ಜಪಾನಿನವರ ಹತ್ತಿರ ಸೈಜಿಕಿ ಎಂಬ ಕೋಶಗಳಿವೆ. ನಮ್ಮಲ್ಲಿ ಅಂಥದ್ದನ್ನು ರೈತರು ಬಾಯಲ್ಲೇ ಇಟ್ಟುಕೊಂಡಿದ್ದಾರೆ. ಆರಿದ್ರೆ ಮಳೆ, ಪುಷ್ಯ ಮಳೆ, ಮಘೆ ಮಳೆ, ಸ್ವಾತಿ ಮಳೆ. ಒಂದೊಂದಕ್ಕೂ ಬೇರೆ ಸದ್ದು, ಬೇರೆ ಕೆಸರು. ಬರೀ ‘ಮಳೆ’ ಅಂತ ನೀನು ಒಂಬತ್ತು ಸಲ ಬರೆದಿದ್ದೀಯ.

ಉಳಿದ ಪದ್ಯಗಳಿಗೆ ಪೆನ್ಸಿಲ್ ಗುರುತು ಹಾಕಿ ಕಳಿಸುತ್ತಿದ್ದೇನೆ. ಹನ್ನೊಂದನೆಯದರ ಮೂರನೇ ಸಾಲು ಹೊಡೆದುಹಾಕಿದ್ದೇನೆ, ಬದಲಿಗೆ ಏನೂ ಬರೆದಿಲ್ಲ. ಆ ಜೋಕಾಲಿ ಇರುವ ಮನೆಗೆ ಇನ್ನೊಂದು ಸಲ ಹೋಗಿ ಬಾ. ಅದರ ಮಣೆ ಒದ್ದೆಯಾಗಿತ್ತಾ? ಸರಪಳಿ ಕಿರುಗುಟ್ಟುತ್ತಿತ್ತಾ? ಒಳಗೆ ಯಾರಾದರೂ ಒಗ್ಗರಣೆ ಹಾಕುತ್ತಿದ್ದರಾ?

ಇಂತಿ,
ನಿನ್ನ ಅಕ್ಕ